ಹಗುರವಾದ ಸ್ಟೇರಿಂಗ್

ಬುರೈಮಿ, ಒಮಾನ್, 13-8-1993, ಶುಕ್ರವಾರ

ಇವತ್ತು ಮನೆ ಸಾಮಾನು ತುಂಬಿದ ಟ್ರೇಲರನ್ನು ಜೀಪಿಗೆ ಕಟ್ಟಿ ಇಬ್ರಿಯಿಂದ ಹೊರಟಾಗ ಸ್ಟೇರಿಂಗ್ ಬಹಳ ಹಗುರವಾಗಿತ್ತು. ನನಗೆ ಖುಷಿಯೇ ಆಗಿತ್ತು. ಟ್ರೇಲರ್ ಕೊಟ್ಟ ಪೂವಪ್ಪಣ್ಣ ಹೇಳಿದ್ದರು: "ಜೀಪಿಗೂ ಟ್ರೇಲರಿಗೂ ನಡುವೆ ಆ ಎರಡು ಸ್ಪ್ರಿಂಗ್ ಬಾರ್ ಹಾಕದೆ ಹೊರಡ್ಬೇಡ ಮಾರಾಯ. ಭಾರ ಎಲ್ಲ ಹಿಂದೆಯೇ ಕೂತ್ರೆ ಮುಂದಿನ ಚಕ್ರ ರಸ್ತೆ ಹಿಡಿಯುದಿಲ್ಲ." ಬಿಸಿಲಿಗೆ ಕಾದ ಆ ಕಬ್ಬಿಣ ಕೈ ಸುಡುತ್ತದೆಂದು ಜೋಡಿಸದೆ, ಬಟ್ಟೆಯಲ್ಲಿ ಹಿಡಿದು ಸೀಟಿನ ಹಿಂದೆ ಹಾಕಿ ಬಂದಿದ್ದೆ.

ಎದುರಿನಿಂದ ಬಂದ ಲಾರಿ ದಾಟಿದ ಗಾಳಿಗೆ ಟ್ರೇಲರ್ ಆಚೆ ಈಚೆ ಬೀಸತೊಡಗಿತು. ಸ್ಟೇರಿಂಗ್ ತಿರುಗಿಸಿದೆ, ಜೀಪು ತಿರುಗಲಿಲ್ಲ. ಆ ಹಗುರ ಎಂಥದ್ದೆಂದು ಆಗ ಗೊತ್ತಾಯಿತು. ಪಕ್ಕದಲ್ಲಿ ವಸಂತಿ, ಅವಳ ಮಡಿಲಲ್ಲಿ ಮಗು, ಇಬ್ಬರಿಗೂ ನಿದ್ರೆ. ಬ್ರೇಕ್ ಒತ್ತಲು ಧೈರ್ಯ ಬರಲಿಲ್ಲ. ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಸ್ಟೇರಿಂಗ್ ಹಿಡಿದುಕೊಂಡು ಸುಮ್ಮನೆ ಕೂತೆ. ಎಷ್ಟೋ ದೂರ ಹೋಗಿ ನಿಂತಿತು. ಇಳಿದು, ಕೈ ಸುಟ್ಟುಕೊಂಡೇ ಬಾರ್ ಹಾಕಿದೆ. ಆಮೇಲೆ ಸ್ಟೇರಿಂಗ್ ಭಾರವಾಯಿತು. ಆ ಭಾರವನ್ನು ಬುರೈಮಿಯವರೆಗೂ ಬಿಗಿಯಾಗಿ ಹಿಡಿದುಕೊಂಡೇ ಬಂದೆ.

ಊಟಕ್ಕೆ ಬಡಿಸುವಾಗ ವಸಂತಿ ಹೇಳಿದಳು, "ದಾರಿಯಲ್ಲಿ ಎಂಥ ನಿದ್ರೆ ಮಾರಾಯ್ರೆ. ತೊಟ್ಟಿಲು ತೂಗಿದ ಹಾಗೆ ಆಗ್ತಿತ್ತು."

ಹೂಂ ಎಂದೆ. ಸುಟ್ಟ ಬೆರಳುಗಳನ್ನು ತಣ್ಣನೆಯ ನೀರಿನ ಲೋಟಕ್ಕೆ ಒತ್ತಿ ಹಿಡಿದೆ.