ಕಿರೀಟಕ್ಕೆ ಬಿದ್ದ ಕಾಫಿ

ಏಪ್ರಿಲ್ 9, ಶುಕ್ರವಾರ. ಟೊಲೀಡೊ.

ಹಸಿರು ನಿಲುವಂಗಿಯನ್ನು ಎರಡು ಸಲ ಉಜ್ಜಿದೆ, ಕಾಫಿ ಕಲೆ ಹೋಗಲಿಲ್ಲ. ನಾಳೆಯೂ ಇದನ್ನೇ ತೊಟ್ಟು ರಸ್ತೆಬದಿ ನಿಲ್ಲಬೇಕು.

ಜನರ ತೆರಿಗೆ ಲೆಕ್ಕ ಬರೆದುಕೊಡುವ ಗ್ಲೆಂಡಾಳ ಅಂಗಡಿಗೆ ಗಿರಾಕಿಗಳನ್ನು ಕರೆಯಲು ಪ್ರತಿ ವರ್ಷ ಈ ನಿಲುವಂಗಿ, ಕಿರೀಟ ತೊಟ್ಟು ಸ್ವಾತಂತ್ರ್ಯ ದೇವಿಯ ವೇಷದಲ್ಲಿ ಕುಣಿಯುತ್ತೇನೆ. ಜನ ಹಾರ್ನ್ ಹೊಡೆದು ನಗುತ್ತಿದ್ದರು. ದೇಶದ ಅಧ್ಯಕ್ಷರು ತಮ್ಮದೇ ತೆರಿಗೆ ಇಲಾಖೆಯ ಮೇಲೆ ದಾವೆ ಹೂಡಿ, ಅದರ ಜೊತೆ ತಾವೇ ರಾಜಿ ಮಾಡಿಕೊಂಡು, ತಮ್ಮ ಹಳೆಯ ತೆರಿಗೆಯನ್ನು ಯಾರೂ ಕೆದಕಬಾರದೆಂದು ಬರೆಸಿಕೊಂಡ ಮೇಲೆ ಆ ನಗು ನಿಂತಿದೆ. ಸಿಗ್ನಲ್ಲಿನಲ್ಲಿ ಗಾಜು ಇಳಿಸಿ ಕೇಳುತ್ತಾರೆ: "ಏನಮ್ಮಾ ದೇವಿ, ನಮಗೂ ಒಂದು ರಾಜಿ ಮಾಡಿಸ್ಕೊಡ್ತೀಯಾ?"

ಇವತ್ತು ನರ್ಸ್ ಉಡುಪಿನವಳೊಬ್ಬಳು ಕಾರಿನಿಂದ ಐಸ್ ಕಾಫಿಯ ಲೋಟವನ್ನೇ ನನ್ನತ್ತ ಬೀಸಿ ಎಸೆದಳು. ಆಮೇಲೆ ಕಾರು ಪಕ್ಕಕ್ಕೆ ಹಾಕಿ, ಓಡಿಬಂದು, ನನ್ನ ಮುಖ ಒರೆಸಿದಳು. "ನಿಮಗಲ್ಲ ಕಣ್ರೀ ಎಸೆದಿದ್ದು. ಆ ಕಿರೀಟ ಕಂಡ ತಕ್ಷಣ ಮೈಯೆಲ್ಲ ಉರಿದುಹೋಯ್ತು."

ಗ್ಲೆಂಡಾ ಬಾಗಿಲಿನಿಂದಲೇ ಕೂಗಿದಳು: "ನಗ್ತಾ ಇರೇ, ಜನ ನೋಡ್ತಿದಾರೆ!"

ನಕ್ಕೆ. ಆ ನಗುವೇ ಈಗ ನಿದ್ದೆ ಕೆಡಿಸುತ್ತಿದೆ. ಎಷ್ಟು ಪ್ರಯತ್ನಿಸಿದರೂ ಆ ನರ್ಸಿನ ಮೇಲೆ ಸಿಟ್ಟು ಬರುತ್ತಿಲ್ಲ. ಕಿರೀಟದ ಕೆಳಗೆ ಬೇರೆ ಯಾರಾದರೂ ಇದ್ದು, ಲೋಟ ನನ್ನ ಕೈಯಲ್ಲಿದ್ದಿದ್ದರೆ ನಾನೂ ಎಸೆಯುತ್ತಿದ್ದೆ.

ಕಾರು ಮಾತ್ರ ನಿಲ್ಲಿಸುತ್ತಿರಲಿಲ್ಲ.