ಮೇಲಂತಸ್ತಿನ ಹೆಜ್ಜೆಗಳು

ಡನೀಡಿನ್,
ಜುಲೈ ೧೪, ಸೋಮವಾರ

ಪ್ರೀತಿಯ ಅಮ್ಮಾ,

ಮಂಡಿನೋವು ಹೇಗಿದೆ? ಟೌನ್ಸ್‌ವಿಲ್‌ನ ಬಿಸಿಲಿಗೆ ಸ್ವಲ್ಪ ಇಳಿದಿರಬಹುದು ಎಂದುಕೊಂಡಿದ್ದೇನೆ. ಗುಳಿಗೆ ನುಂಗುವುದನ್ನು ಮರೆಯಬೇಡ. ಇಲ್ಲಿ ಚಳಿಗಾಲ, ನಾಲ್ಕು ದಿನದ ಹಿಂದೆ ಬಿದ್ದ ಹಿಮ ಬಿದ್ದಲ್ಲೇ ಇದೆ, ಬೆಳಿಗ್ಗೆ ನಮ್ಮ ಬೀದಿಯ ಏರನ್ನು ಬಸ್ಸು ಹತ್ತುವುದಿಲ್ಲ. ಚೀಸ್ ರೋಲ್ ಮಾಡಿಕೊಳ್ಳುತ್ತೇನೆ, ನಿನ್ನ ಹಾಗೆಯೇ ಈರುಳ್ಳಿ ಜಾಸ್ತಿ ಹಾಕಿ. ಒಬ್ಬಳಿಗೆಂದು ಮಾಡಿದರೂ ಯಾಕೋ ಯಾವಾಗಲೂ ಎರಡು ಉಳಿಯುತ್ತವೆ.

ನೀನು ಹೇಳಿದ ಕೆಲಸ ಮಾಡಿದೆ. ಊರು ಬಿಟ್ಟ ಈ ಮೂವತ್ತೊಂಬತ್ತು ವರ್ಷಗಳಲ್ಲಿ ನೀನು ನನ್ನಿಂದ ಬಯಸಿದ್ದು ಇದೊಂದೇ. ನಗರದ ಇತಿಹಾಸ ಸಂಗ್ರಹಾಲಯದ ಮೇಲಂತಸ್ತಿನಲ್ಲಿ ಮಗುವೊಂದು ಓಡುವ ಸದ್ದು ಕೇಳುತ್ತದೆ ಎಂಬ ಸುದ್ದಿಯನ್ನು ಪತ್ರಿಕೆಯಿಂದ ಕತ್ತರಿಸಿ ಕಳಿಸಿದ್ದೆಯಲ್ಲ, ಅದರ ಅಂಚಿನಲ್ಲಿ “ನಮ್ಮ ಕರ್ಸ್ಟಿಯೇನಾ ಅಂತ ಹೋಗಿ ನೋಡು. ಅವಳೇ ಆದ್ರೆ ನಾನು ಬರ್ತೀನಿ” ಎಂದು ಬರೆದಿದ್ದೆ. ತಂಗಿ ತೀರಿಕೊಂಡ ಮರುವರ್ಷ ಊರು ಬಿಟ್ಟವಳು ನೀನು, ಅಪ್ಪನ ಮಣ್ಣಿಗೂ ಬಾರದವಳು, ಬರುತ್ತೇನೆ ಎನ್ನುತ್ತಿದ್ದೀ. ಆ ಕಾಗದದ ಚೂರು ನನ್ನ ಕೋಟಿನ ಜೇಬಿನಲ್ಲೇ ಇದೆ.

ಶನಿವಾರ ಮಧ್ಯಾಹ್ನ ಹೋದೆ. ಈಗ ದೆವ್ವ ತೋರಿಸುವುದಕ್ಕೇ ಬೇರೆ ಟಿಕೆಟ್ಟು. ಟೆಗನ್ ಎಂಬ ಹುಡುಗಿ ನಮ್ಮನ್ನು ಕರೆದೊಯ್ದಳು. ಆ ಮಗುವಿನ ಹೆಸರು ಲವೀನಿಯಾ ಅಂತೆ, ಇಲ್ಲಿ ಚಿನ್ನ ಸಿಕ್ಕ ಹಳೆಯ ಕಾಲದ್ದಂತೆ, ಹಿತ್ತಿಲ ಬಾವಿಗೆ ಬಿದ್ದಿತಂತೆ. ಬಾಗಿಲ ಬಳಿ ಕುಳಿತಿದ್ದ ಮುದುಕ ಗೊಣಗಿದ, “ಬಾವಿ ಎಲ್ಲಿತ್ತು ಮಹರಾಯ್ತಿ ಇಲ್ಲಿ? ಹೋದ್ ತಿಂಗಳು ನಿನ್ ಕತೇಲಿ ಮೆಟ್ಲಿಂದ ಬಿದ್ದು ಸತ್ತಿದ್ಲಲ್ಲ!” ಟೆಗನ್ ಸೋಲಲಿಲ್ಲ, “ಮರ್ವಿನ್ ತಾತ, ನೀವು ಗಡಿಯಾರಕ್ಕೆ ಕೀಲಿ ಕೊಡಿ, ಸತ್ತವರನ್ನ ನನಗೆ ಬಿಡಿ” ಎಂದಳು. ಹೌದಮ್ಮಾ, ಅದೇ ಮರ್ವಿನ್. ನೀನು ಅಲ್ಲಿ ಕಸಗುಡಿಸಿ ನೆಲ ಒರೆಸುತ್ತಿದ್ದಾಗ ಗಡಿಯಾರಗಳನ್ನು ನೋಡಿಕೊಳ್ಳುತ್ತಿದ್ದವನು. ನಿನ್ನ ಹೆಸರು ಹೇಳಿದೆ. ನನ್ನ ಮುಖ ನೋಡಿ, “ಇದಾಳಾ ಇನ್ನೂ? ಅವಳೂ ಮಗು ಹಿಂದೇನೇ ಹೋದ್ಲು ಅಂದ್ಕೊಂಡಿದ್ದೆ ನಾನು” ಎಂದ. ಅದೂ ಪೂರ್ತಿ ಸುಳ್ಳಲ್ಲ.

ಮುಚ್ಚುವ ಹೊತ್ತಿಗೆ ಎಲ್ಲರೂ ಹೊರಟ ಮೇಲೆ ಅವನು ನನ್ನನ್ನು ಕೆಳಗಿನ ಬೆಂಚಿನಲ್ಲಿ ಕೂರಿಸಿಕೊಂಡ. “ದಿನಾ ಕೇಳಲ್ಲ. ಕೇಳಿದ್ರೆ ಎಂಟೇ ಹೆಜ್ಜೆ. ಆಮೇಲೆ ಮೆಟ್ಲ ತಲೇಲಿ ನಿಂತ್ಬಿಡುತ್ತೆ, ಯಾರಿಗೋ ಕಾಯೋ ಹಂಗೆ.” ಕಿಟಕಿಯಲ್ಲಿ ಬೆಳಕು ಕರಗುತ್ತಿತ್ತು. ಮನಸ್ಸು ಗಟ್ಟಿಮಾಡಿಕೊಳ್ಳಲು ಬಾಯಿಪಾಠವಿದ್ದ ಕವಿತೆಗಳನ್ನು ಹುಡುಕಿದೆ, ಒಂದೂ ಬರಲಿಲ್ಲ. ಆಗ ಕೇಳಿಸಿತು ಅಮ್ಮಾ. ಟಕ, ಟಕ, ಟಕ. ಮರದ ಹಲಗೆಯ ಮೇಲೆ ಗಟ್ಟಿ ಹಿಮ್ಮಡಿಯ ಬೂಟು. ಎಣಿಸಿದೆ, ಎಂಟು. ಮೆಟ್ಟಿಲ ತಲೆಯಲ್ಲಿ ನಿಂತಿತು. ಮರ್ವಿನ್ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

ಅದು ಕರ್ಸ್ಟಿಯಲ್ಲ. ನಿನಗೆ ಬೇಕಾದ ಉತ್ತರವಲ್ಲವೆಂದು ಗೊತ್ತು, ಆದರೂ ಸುಳ್ಳು ಬರೆಯಲಾರೆ. ರಜೆಯಲ್ಲಿ ನಮ್ಮಿಬ್ಬರನ್ನೂ ಕೆಲಸಕ್ಕೆ ಕರೆದೊಯ್ಯುತ್ತಿದ್ದೆಯಲ್ಲ, ಮೇಣ ಹಚ್ಚಿದ ನೆಲಕ್ಕೆ ಹೊಳಪು ಬರಲೆಂದು ಹಳೆ ಕಂಬಳಿ ಕತ್ತರಿಸಿ ಚೀಲ ಹೊಲಿದು ಅವಳ ಬೂಟಿನ ಮೇಲೆ ಕಟ್ಟುತ್ತಿದ್ದೆ. ಅವಳು ಆ ತುದಿಯಿಂದ ಈ ತುದಿಗೆ ಜಾರುತ್ತಿದ್ದಳು, “ಅಮ್ಮಾ, ನಾನು ದೋಣಿ!” ಎನ್ನುತ್ತಾ. ಆ ನೆಲದ ಮೇಲೆ ಕರ್ಸ್ಟಿ ಒಂದು ದಿನವೂ ಹೆಜ್ಜೆಯ ಸದ್ದು ಮಾಡಿದವಳಲ್ಲ. ಆರು ವರ್ಷ ಬದುಕಿ, ಮೂರೇ ದಿನದ ಮಿದುಳುಜ್ವರದಲ್ಲಿ ಹೋದಾಗಲೂ ಅಷ್ಟೇ ಸದ್ದಿಲ್ಲದೆ ಹೋದಳು. ಅವಳು ಅಲ್ಲಿ ಅಲೆಯುತ್ತಿಲ್ಲ ಅಮ್ಮಾ. ನೆಮ್ಮದಿಯಾಗಿರು.

ಭಾನುವಾರ ಅವಳ ಮತ್ತು ಅಪ್ಪನ ಸಮಾಧಿಗೆ ಹೋಗಿ ಕಲ್ಲಿನ ಪಾಚಿ ಉಜ್ಜಿ ಬಂದೆ. ತಮ್ಮ ಹೇಮಿಷ್‌ಗೂ ಅವನ ಮಕ್ಕಳಿಗೂ ನನ್ನ ನೆನಪು ತಿಳಿಸು. ನಿನ್ನ ಆರೋಗ್ಯ ಜೋಪಾನ.

ನಿನ್ನ ಮಗಳು,
ಐಲ್ಸಾ

ತಾ.ಕ.: ಲಕೋಟೆ ಅಂಟಿಸಿದ್ದನ್ನು ಬಿಚ್ಚಿ ಬರೆಯುತ್ತಿದ್ದೇನೆ, ಅಂಚೆಯವನು ಬರುವ ಹೊತ್ತು. ಆ ಕಂಬಳಿಚೀಲ ಕಟ್ಟಿಸಿಕೊಳ್ಳದವಳು ಒಬ್ಬಳಿದ್ದಳು. “ನಾನೇನು ನೆಲ ಒರೆಸೋಳಾ?” ಎಂದು ಶಾಲೆಯ ಬೂಟಿನಲ್ಲೇ ದಡದಡ ಓಡುತ್ತಿದ್ದವಳು. ಮೆಟ್ಟಿಲ ತಲೆಯಲ್ಲಿ ನಿಂತು, ಕೆಳಗಿರುವ ನೀನು ಬೈಯುವುದಕ್ಕಾದರೂ ತಲೆ ಎತ್ತುತ್ತೀಯೇನೋ ಎಂದು ಕಾಯುತ್ತಿದ್ದವಳು. ಸತ್ತವರೇ ಅಲ್ಲಿ ಓಡಬೇಕೆಂದು ಎಲ್ಲಿದೆ? ಆ ಹೆಜ್ಜೆ ನನ್ನದು ಅಮ್ಮಾ. ಅದು ನಾನಾದರೂ ಬರುತ್ತೀಯಾ?