ಹೆಸರು ಓದದ ಮಧ್ಯಾಹ್ನಗಳು

ಜನವರಿ 2, ಗುರುವಾರ

ಬೆಳಿಗ್ಗೆಯಿಂದ ನೂರಾ ನಲವತ್ತು ಫೋನ್. ಕಿವಿ ಕಾದು ಕೆಂಪಾಗಿದೆ. ಎಲ್ಲರದೂ ಒಂದೇ ಪ್ರಶ್ನೆ — ಹನ್ನೊಂದನೇ ಚಾನೆಲ್ ಎಲ್ಲಿ ಹೋಯಿತು? ನನ್ನದೂ ಒಂದೇ ಉತ್ತರ. ನಮ್ಮ ಕೇಬಲ್ ಕಂಪನಿಯ ಮಾಲೀಕ ಮಲೋನಿ ಸಾಹೇಬರು ಟೈಪ್ ಮಾಡಿಸಿ ಕಂಪ್ಯೂಟರಿನ ನೆತ್ತಿಗೆ ಅಂಟಿಸಿ ಹೋಗಿದ್ದಾರೆ. "ಸ್ಟೇಷನ್‌ನವರು ಕೇಳುತ್ತಿರುವ ದರ ನ್ಯಾಯವಲ್ಲ. ನಿಮ್ಮ ಪರವಾಗಿ ಹೋರಾಡುತ್ತಿದ್ದೇವೆ. ಚಾನೆಲ್ ಶೀಘ್ರದಲ್ಲೇ ಬರಲಿದೆ."

ಆಗಿದ್ದಿಷ್ಟು. ನಮ್ಮ ಕೇಬಲ್ಲಿನಲ್ಲಿ ಅವರ ಚಾನೆಲ್ ತೋರಿಸಲು ಅವರಿಗೆ ಮನೆಗಿಷ್ಟು ಅಂತ ಕೊಡಬೇಕು. ಹಳೆಯ ಒಪ್ಪಂದ ಡಿಸೆಂಬರ್ ಮೂವತ್ತೊಂದರ ಸಂಜೆ ಐದಕ್ಕೆ ಮುಗಿಯಿತು. ಹೊಸದಕ್ಕೆ ಅವರು ಜಾಸ್ತಿ ಕೇಳಿದರು, ಮಲೋನಿ ಆಗಲ್ಲ ಅಂದರು. ಐದು ಗಂಟೆಗೆ ಸರಿಯಾಗಿ ನಮ್ಮ ಲೈನ್‌ಮನ್ ಎಲ್‌ವುಡ್ ಬೆಟ್ಟದ ಮೇಲಿನ ಸಿಗ್ನಲ್ ಶೆಡ್ಡಿಗೆ ಹೋಗಿ ಚಾನೆಲ್ ತೆಗೆದ. ಈಗ ಅಲ್ಲಿ ನೀಲಿ ಪರದೆ, ಬಿಳಿ ಅಕ್ಷರ. ಸ್ಟೇಷನ್‌ನವರೂ ಜನರ ಪರವಾಗಿಯೇ ಹೋರಾಡುತ್ತಿದ್ದಾರಂತೆ. ಇಷ್ಟು ಜನ ಹೋರಾಡಿ ಜನರಿಗೆ ಸಿಕ್ಕಿದ್ದು ನೀಲಿ ಬಣ್ಣ.

ಆಂಟೆನಾ ಹಾಕಿಕೊಳ್ಳಿ ಅನ್ನುತ್ತಾರೆ. ಸುತ್ತ ಬೆಟ್ಟ. ಈ ಕಣಿವೆಗೆ ಆಂಟೆನಾ ಯಾವತ್ತು ಹಿಡಿದಿದೆ? ನೆಟ್‌ನಲ್ಲಿ ನೋಡಿ ಅನ್ನುತ್ತಾರೆ. ಊರಿನ ಅರ್ಧ ಜನಕ್ಕೆ ರಿಮೋಟಿನ ಎರಡು ಗುಂಡಿ ಬಿಟ್ಟು ಮೂರನೆಯದು ಗೊತ್ತಿಲ್ಲ.

ಮನೆಗೆ ಬಂದರೆ ಬೇಸಿಲ್ ಮುಖ ಊದಿಸಿಕೊಂಡು ಕೂತಿದ್ದ. ಮೂಗಿಗೆ ಆಕ್ಸಿಜನ್ ನಳಿಗೆ, ಕೈಯಲ್ಲಿ ರಿಮೋಟು.

"ಅಲ್ಲಾ ಬರ್ನಿ, ಮೂವತ್ತು ವರ್ಷ ಆ ಕಂಪನೀಲಿ ದುಡಿದು, ಕಟ್ಟಿಕೊಂಡ ಗಂಡನ ಚಾನೆಲ್ಲೇ ಕಿತ್ಕೊಂಡ್ಯಲ್ಲೇ."

"ನಾನೇನು ಕಿತ್ನಾ? ಮಲೋನಿನ ಕೇಳು."

"ಹೆಸರು ಓದೋದು ಯಾರು ಈಗ?"

ಅದೇ ದೊಡ್ಡ ತೊಂದರೆ. ಹನ್ನೆರಡರ ವಾರ್ತೆ, ಆಮೇಲೆ ಹವಾಮಾನ, ಆಮೇಲೆ ಹನ್ನೆರಡೂ ಹತ್ತಕ್ಕೆ ಲೊರೇನ್ ಶೀಹನ್ ತೀರಿಹೋದವರ ಹೆಸರು ಓದುತ್ತಾಳೆ. ಫೋಟೋ, ಯಾವ ಚರ್ಚು, ಎಷ್ಟು ಗಂಟೆಗೆ. ಊರಿನ ಪೇಪರು ಮುಚ್ಚಿ ಎಂಟು ವರ್ಷ. ಲೊರೇನ್ ಓದುವ ತನಕ ನಮ್ಮಲ್ಲಿ ಯಾರೂ ಸತ್ತ ಲೆಕ್ಕವಲ್ಲ. ಓದಿದ ಮೇಲೆ ಓಣಿಯ ಎಲ್ಲ ಒಲೆಗಳ ಮೇಲೂ ಎಲೆಕೋಸು ಹುರಿಯುವ ವಾಸನೆ — ಸಾವಿನ ಮನೆಗೆ ಹಲುಶ್ಕಿ ಒಯ್ಯಬೇಕಲ್ಲ.

ಬೇಸಿಲ್‌ನದು ದಿನಾ ಒಂದೇ ಜೋಕು. ಓದಿ ಮುಗಿದ ಕೂಡಲೇ, "ಇವತ್ತೂ ನನ್ನ ಹೆಸರಿಲ್ಲ. ಕಾಫಿ ಹಾಕು." ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗಲೆಲ್ಲ ಕೇಳಿದ್ದೇನೆ. ಇವತ್ತು ಜೋಕಿಲ್ಲದೆ ಕಾಫಿ ಕುಡಿದ.

ಜನವರಿ 6, ಸೋಮವಾರ

ಫೋನು ಸ್ವಲ್ಪ ಕಡಿಮೆ. 12:10ಕ್ಕೆ ಸರಿಯಾಗಿ ಕೋಲ್ ಸ್ಟ್ರೀಟಿನ ಓಲ್ಗಾ ಆಂಟಿ.

"ಮಗಾ, ಹೆಸರು ಓದೋ ಹೊತ್ತಾಯ್ತು. ಇಲ್ಲಿ ಬರೀ ನೀಲಿ."

"ಗೊತ್ತು ಆಂಟಿ. ಶೀಘ್ರದಲ್ಲೇ ಬರುತ್ತೆ."

"ಇವತ್ತು ಬೆಳಿಗ್ಗೆ ಚರ್ಚಿನ ಗಂಟೆ ಕೇಳಿಸ್ತು. ಯಾರದು ಅಂತ ಗೊತ್ತಾಗ್ಲಿಲ್ಲ. ಹೋಗಬೇಕಿತ್ತೇನೋ."

ಇನ್ನೊಂದು ಫೋನ್ ಬಂತು. ಹೋಲ್ಡಿಗೆ ಹಾಕಿದೆ. ಹೋಲ್ಡಿನಲ್ಲಿ ಮಲೋನಿಯವರ ತಾತನ ಕಾಲದ ಪೋಲ್ಕಾ ಸಂಗೀತ. ಮತ್ತೆ ತೆಗೆದಾಗ ಲೈನ್ ಇರಲಿಲ್ಲ.

ಜನವರಿ 7, ಮಂಗಳವಾರ

ಹಳೆಯ ಪಂಚಾಂಗದ ನಮ್ಮ ಚರ್ಚಿನ ಕ್ರಿಸ್‌ಮಸ್ ಇವತ್ತು. ಪೂಜೆ ಮುಗಿಸಿ ಬರುವಾಗ ಎಲ್‌ವುಡ್ ಸಿಕ್ಕ. ಅವನು ಬಿಡುವಿದ್ದಾಗ ಶವದ ಗಾಡಿಯನ್ನೂ ಓಡಿಸುತ್ತಾನೆ.

"ನಿನ್ನೆ ಯಾಕೆ ಬರ್ಲಿಲ್ಲ ಬರ್ನಡೀನ್? ಓಲ್ಗಾ ನಿನ್ನ ಎತ್ತಿ ಆಡಿಸಿದವಳು."

"ಎಲ್ಲಿಗೆ?"

"ಮಣ್ಣಿಗೆ. ಶುಕ್ರವಾರ ಹೋಗಿಬಿಟ್ಳು. ನಿನ್ನೆ ಹತ್ತು ಗಂಟೆಗೆ ಇಟ್ವಿ. ಆರೇ ಜನ ಕಣೇ, ಪಾದ್ರಿ ಸೇರಿ. ಯಾರಿಗೂ ಗೊತ್ತಿಲ್ಲ."

ನಿನ್ನೆ ಮಧ್ಯಾಹ್ನ ಆಂಟಿಯ ಸೊಸೆ ಇರಬೇಕು ಫೋನ್ ಮಾಡಿದ್ದು. ಧ್ವನಿ ಒಂದೇ ಥರ ಇರುತ್ತದೆ ಒಂದೊಂದು ಮನೆಯಲ್ಲಿ.

ಸೊಸೆಗೆ ಅತ್ತೆಯ ಧ್ವನಿ ಹೇಗೆ ಬರುತ್ತದೆ?

ಜನವರಿ 8, ಬುಧವಾರ

12:10. ಓಲ್ಗಾ ಆಂಟಿ. "ಇನ್ನೂ ನೀಲಿ, ಮಗಾ." ಹೋಲ್ಡಿಗೆ ಹಾಕಿ ಬಾತ್‌ರೂಮಿಗೆ ಹೋಗಿ ನಿಂತೆ. ಬಂದು ನೋಡಿದರೆ ಇನ್ನೊಂದು ದೀಪ ಮಿನುಗುತ್ತಿದೆ. ಕ್ಷೌರದ ವಾಲ್ಟರ್ ಸ್ಟಂಪ್. "ಲೊರೇನ್ ಯಾವಾಗ ಬರ್ತಾಳೆ?" ಎಲ್‌ವುಡ್‌ನನ್ನು ಸುಮ್ಮನೆ ಎಂಬಂತೆ ಕೇಳಿದೆ. "ವಾಲ್ಟರಾ? ಸೋಮವಾರ ಮಧ್ಯಾಹ್ನ ಹೋದ, ಕುರ್ಚೀಲೇ. ನಾಳೆ ಒಯ್ಯೋದು."

ಬೇಸಿಲ್‌ಗೆ ಹೇಳಲಿಲ್ಲ. ಇಡೀ ಸಂಜೆ ಕೆಮ್ಮು. ಗಣಿಯ ಧೂಳು ಎದೆಯಲ್ಲಿ ಕೂತು ಮೂವತ್ತು ವರ್ಷ. ಈ ಚಳಿಗಾಲ ಅದು ಎದ್ದು ನಿಂತಿದೆ.

ಜನವರಿ 9, ಗುರುವಾರ, ಬೆಳಿಗ್ಗೆ 7

ಆಂಬ್ಯುಲೆನ್ಸ್ ಬರುತ್ತಿದೆ. ಅವನ ತುಟಿ ನೀಲಿ. ಚೀಲದಲ್ಲಿ ಕನ್ನಡಕ ಇಟ್ಟೆನಾ…

ಜನವರಿ 15, ಬುಧವಾರ

ಶನಿವಾರ ಹೋದ. ಹನ್ನೊಂದನೇ ತಾರೀಖು. ನಿನ್ನೆ ಮಣ್ಣು.

ಎಂಬತ್ತು ಜನಕ್ಕೆ ಹಲುಶ್ಕಿ ಮಾಡಿದ್ದೆ. ಬಂದವರು ಹನ್ನೊಂದು, ಅರ್ಧಕ್ಕರ್ಧ ಮುದುಕಿಯರು. ಈ ಊರಿನ ಎಷ್ಟು ಪೆಟ್ಟಿಗೆಗಳಿಗೆ ಹೆಗಲು ಕೊಟ್ಟಿದ್ದ ಅವನು. ಅವನ ಪೆಟ್ಟಿಗೆ ಎತ್ತಲು ಆರು ಹೆಗಲು ಸಿಗಲಿಲ್ಲ. ಎಲ್‌ವುಡ್ ಗಾಡಿಯಿಂದ ಇಳಿದು ಬಂದು ಕೊಟ್ಟ.

ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗದಂತೆ ಮಾಡಿದವರು ಯಾರು? ನಾವು. ನಾನು. "ಶೀಘ್ರದಲ್ಲೇ" ಅಂತ ದಿನಕ್ಕೆ ನೂರು ಸಲ ಹೇಳಿದವಳು ನಾನೇ. ಉಳಿದ ಹಲುಶ್ಕಿಯನ್ನು ಪಾತ್ರೆ ಸಮೇತ ಹಿತ್ತಲಿನ ಹಿಮದಲ್ಲಿಟ್ಟೆ. ತಿನ್ನಲಿ ಬೆಕ್ಕುಗಳು.

ಜನವರಿ 20, ಸೋಮವಾರ

ಕೆಲಸಕ್ಕೆ ಹೋದೆ. ಮನೆಯಲ್ಲಿ ಕೂತು ಆ ಕುರ್ಚಿ ನೋಡಲು ಆಗದೆ ಹೋದೆ. ಟಿವಿ ಆರಿಸಿ, ಬೀಗ ಹಾಕಿ ಹೋದೆ. ಇದನ್ನು ಬರೆದಿಡಬೇಕು. ಆರಿಸಿದ್ದೆ.

12:10. ಫೋನಿನಲ್ಲಿ ನಂಬರು ನಮ್ಮ ಮನೆಯದು.

"ಬರ್ನಿ, ಇನ್ನೂ ನೀಲೀನೇ ಕಣೇ."

…

"ಬರ್ನಿ? ಊಟಕ್ಕೆ ಬರ್ತೀಯಾ?"

"ಬರ್ತೀನಿ," ಅಂದೆ. ಬಾಯಿಂದ ಬಂದದ್ದು ಅದೊಂದೇ.

ಕೋಟು ಹಾಕದೆ ಓಡಿದೆ. ಮೂರು ಓಣಿ. ಬೀಗ ಹಾಕಿದ ಹಾಗೇ ಇತ್ತು. ಒಳಗೆ ಯಾರೂ ಇಲ್ಲ. ಟಿವಿ ಉರಿಯುತ್ತಿತ್ತು, ಗೋಡೆಯೆಲ್ಲ ನೀಲಿ. ಕುರ್ಚಿಯ ದಿಂಬು ತಗ್ಗಾಗಿತ್ತು. ಫೋನ್ ಮುಟ್ಟಿ ನೋಡಿದೆ. ಬೆಚ್ಚಗಿತ್ತು.

ಹೆದರಿಕೆ ಆಯಿತು, ಸುಳ್ಳು ಹೇಳುವುದಿಲ್ಲ. ಆದರೆ ಹೆದರಿಕೆಗಿಂತ ಹೆಚ್ಚು ಸಂತೋಷ.

ಜನವರಿ 22, ಬುಧವಾರ

ಎರಡು ನಿಮಿಷ ಮಾತಾಡಿದ. ಕೆಮ್ಮು ಇಲ್ಲವೇ ಇಲ್ಲ.

"ಆ ಆಕ್ಸಿಜನ್ ಮೆಷಿನ್ ಎಲ್ಲಿಟ್ಟೆ? ಬೇಡ ಬಿಡು. ಉಸಿರು ಎಷ್ಟು ಸಲೀಸಾಗಿದೆ ಗೊತ್ತಾ? ಹುಡುಗನಾಗಿದ್ದಾಗ ಇದ್ದ ಹಾಗೆ."

"ಹೌದಾ."

"ಯಾಕೆ ಮೂಗು ಸೊರಸೊರ ಅಂತಿದ್ಯಾ? ನೆಗಡಿಯಾ? ಜೇನು ಹಾಕಿ ಬೋಯ್ಲೋ ಕಾಯಿಸ್ಕೊ. ವಿಸ್ಕಿ ಕಡಿಮೆ ಹಾಕಬೇಡ."

ಅವನಿಗೆ ಗೊತ್ತಿಲ್ಲ. ಯಾರೂ ಹೇಳಿಲ್ಲವಲ್ಲ. ಹೆಸರು ಓದಿಲ್ಲವಲ್ಲ.

ಜನವರಿ 24, ಶುಕ್ರವಾರ

ಓಲ್ಗಾ ಆಂಟಿ ಇವತ್ತು ಅತ್ತುಬಿಟ್ಟಳು.

"ಸೊಸೆ ಬಂದು ನನ್ನ ಬಟ್ಟೆಯೆಲ್ಲ ಚೀಲಕ್ಕೆ ತುಂಬ್ತಾಳೆ, ಮಗಾ. ಕರೆದ್ರೆ ತಿರುಗಿ ನೋಡಲ್ಲ. ನಾನೇನು ಮಾಡ್ದೆ? ಯಾರ ಮೇಲೆ ಕೋಪ ಇದು?"

ತಡೆಯಲಾಗಲಿಲ್ಲ. ಕೌಂಟರಿನ ಕೆಳಗೆ ಬಗ್ಗಿ, ಫೋನ್ ಬಾಯಿಗೊತ್ತಿ ಹೇಳಿದೆ. "ಆಂಟಿ, ಯಾರಿಗೂ ಕೋಪ ಇಲ್ಲ. ಜನವರಿ ಮೂರಕ್ಕೆ ನಿಮ್ಮ ಹೆಸರು ಓದಬೇಕಿತ್ತು. ಚಾನೆಲ್ ಇರ್ಲಿಲ್ಲ."

ಅವಳ ಹಿಂದೆ ಗಡಿಯಾರದ ಟಿಕ್ ಟಿಕ್ ಕೇಳುತ್ತಿತ್ತು.

"ಓ… ಹಾಗಾ," ಅಂದಳು. "ಅಷ್ಟೇನಾ. ಮೊದಲೇ ಯಾರಾದ್ರೂ ಹೇಳಬಾರದಿತ್ತಾ, ಮಗಾ." ಆಮೇಲೆ ಬರೀ ಡಯಲ್ ಟೋನ್.

ಜನವರಿ 28, ಮಂಗಳವಾರ

ಓಲ್ಗಾ ಆಂಟಿಯ ಫೋನ್ ಮತ್ತೆ ಬರಲಿಲ್ಲ. ಹೇಳಿದರೆ ಹೋಗುತ್ತಾರೆ. ಅಷ್ಟೇ ಇದು.

ಹಾಗಾದರೆ ಬೇಸಿಲ್‌ಗೆ ಹೇಳುವುದಿಲ್ಲ.

ಉಳಿದವರಿಗೂ ಹೇಳುವುದಿಲ್ಲ. ಒಬ್ಬರನ್ನು ಕಳಿಸಿದ್ದು ಸಾಕು. ಈಗ ಒಂಬತ್ತು ಜನ, 12:10 ಆದರೆ ಫೋನಿನ ಮೇಲೆ ಸಾಲಾಗಿ ದೀಪ ಮಿನುಗುತ್ತವೆ. ಎಂಟನ್ನು ಹೋಲ್ಡಿಗೆ ಹಾಕಿ ಒಂಬತ್ತನೆಯದನ್ನು ಎತ್ತುತ್ತೇನೆ. ಅದು ನನ್ನದು. ಪಾಪ ಅವರು, ಪೋಲ್ಕಾ ಕೇಳುತ್ತ ಕೂತಿರುತ್ತಾರೆ. ನಾನು ಕೆಟ್ಟವಳು ಅಂತ ಗೊತ್ತು.

ಮಲೋನಿ ಸಾಹೇಬರಿಗೆ ಚೀಟಿ ಬರೆದೆ — ಸ್ಟೇಷನ್‌ನವರಿಗೆ ಮಣಿಯಬೇಡಿ, ಎಷ್ಟು ತಿಂಗಳಾದರೂ ಸರಿ, ಫೋನು ನಾನು ನೋಡಿಕೊಳ್ಳುತ್ತೇನೆ. ಸಾಹೇಬರು ಕೌಂಟರಿಗೇ ಬಂದು ಕೈ ಕುಲುಕಿದರು.

"ಇಂಥ ದುಃಖದಲ್ಲೂ ಕಂಪನಿ ಬಗ್ಗೆ ಯೋಚಿಸ್ತೀರಲ್ಲ ಬರ್ನಡೀನ್! ನಿಮ್ಮಂಥ ನಿಷ್ಠಾವಂತರು ಹತ್ತು ಜನ ಇದ್ದಿದ್ರೆ…"

ನಗು ಬಂತು. ಇಪ್ಪತ್ತು ದಿನದಲ್ಲಿ ಮೊದಲ ಸಲ.

ಫೆಬ್ರವರಿ 3, ಸೋಮವಾರ

ಇವತ್ತು ಅವನ ದನಿಯಲ್ಲಿ ನಗು ಇರಲಿಲ್ಲ.

"ಬರ್ನಿ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ನನ್ನ ಮೇಲೆ ಸಿಟ್ಟಾ ನಿಂಗೆ?"

"ಯಾಕೆ ಹಂಗಂತೀಯಾ?"

"ನಿನ್ನೆ ಭಾನುವಾರ, ಇಡೀ ಮಧ್ಯಾಹ್ನ ನನ್ನ ಕುರ್ಚಿ ಪಕ್ಕ ನೆಲದ ಮೇಲೆ ಕೂತು ಅಳ್ತಿದ್ದೆ. ಯಾಕೆ ಅಂತ ಕೇಳ್ದೆ. ಹತ್ತು ಸಲ ಕೇಳ್ದೆ. ತಲೆ ಎತ್ಲಿಲ್ಲ ನೀನು. ಈ ಫೋನಲ್ಲಿ ಮಾತ್ರ ಮಾತಾಡ್ತೀಯ. ಮನೇಲಿ ಯಾಕೆ ಮಾತಾಡಲ್ಲ?"

ಹೋಲ್ಡಿನಲ್ಲಿ ಮಿನುಗುವ ದೀಪಗಳನ್ನು ಎಣಿಸಿದೆ.

"ತಿಂದಿದ್ದಕ್ಕೆ ರುಚಿ ಇಲ್ಲ. ಕೂಗಿದ್ರೆ ಕೇಳಲ್ಲ. ಏನೋ ಆಗಿದೆ ಬರ್ನಿ, ನನಗೆ ಯಾರೂ ಹೇಳ್ತಿಲ್ಲ."

"ಚಾನೆಲ್ ಶೀಘ್ರದಲ್ಲೇ ಬರುತ್ತೆ," ಅಂದೆ. ನನ್ನ ಗಂಡನಿಗೆ, ಆ ಅಂಟಿಸಿದ ಕಾಗದ ನೋಡಿ ಓದಿ ಹೇಳಿದೆ. ಹೇಳಿ ನಾಲಗೆ ಕಚ್ಚಿಕೊಂಡೆ.

ಫೆಬ್ರವರಿ 5, ಬುಧವಾರ, ಬೆಳಿಗ್ಗೆ 9:30

ಮುಗಿಯಿತು. ನಿನ್ನೆ ಸಂಜೆ ಸಹಿ ಆಗಿದೆಯಂತೆ. ಇಬ್ಬರೂ ಗೆದ್ದೆವು ಅನ್ನುತ್ತಿದ್ದಾರೆ. ಇವತ್ತು ಹನ್ನೆರಡಕ್ಕೆ ಚಾನೆಲ್ ಬರುತ್ತದೆ. ಬಿಟ್ಟುಹೋದ ಹೆಸರುಗಳನ್ನೆಲ್ಲ ಲೊರೇನ್ ಇವತ್ತೇ ಓದುತ್ತಾಳೆ, ತಾರೀಖಿನ ಪ್ರಕಾರ.

ಬೆಟ್ಟದ ಶೆಡ್ಡಿಗೆ ಫೋನ್ ಮಾಡಿದೆ.

"ಎಲ್‌ವುಡ್, ಒಂದು ದಿನ ತಡ ಮಾಡು. ಏನೋ ಕೆಟ್ಟಿದೆ ಅನ್ನು. ಒಂದೇ ದಿನ."

ಯಾಕೆ ಅಂತ ಅವನು ಕೇಳಲಿಲ್ಲ.

"ಬರ್ನಡೀನ್," ಅಂದ, "ನಿನ್ನ ಲೈನ್ ತುಂಬಿದ್ರೆ ಫೋನು ಈ ಶೆಡ್ಡಿಗೆ ಬರುತ್ತೆ. ಗೊತ್ತಿತ್ತಾ ನಿಂಗೆ? ನಾನೇ ಗಾಡೀಲಿ ಒಯ್ದವರು ನನ್ನ ಹತ್ರಾನೇ ಕೇಳ್ತಾರೆ, ಯಾವಾಗ ಬರುತ್ತೆ ಅಂತ. ಸಾಕು ಕಣೇ. ಪಾಪ, ಸುಸ್ತಾಗಿದ್ದಾರೆ."

"ಬೇಸಿಲ್…"

"ಅವನೂ ಸುಸ್ತಾಗಿದ್ದಾನೆ." ಫೋನ್ ಇಟ್ಟುಬಿಟ್ಟ.

11:50

ಮನೆಗೆ ಹೋಗಿ ಕೂರಲೇ? ಹೋದರೆ ಅವನು ಕಾಣುವುದಿಲ್ಲ, ಕೇಳಿಸುವುದಿಲ್ಲ. ಇಲ್ಲಿ ಮಾತ್ರ ಕೇಳಿಸುತ್ತಾನೆ. ಇಲ್ಲೇ ಇರುತ್ತೇನೆ. ಕೌಂಟರಿನ ಟಿವಿ ಹಾಕಿದೆ. ನೀಲಿ.

12:00

ಬಂತು. ಹೊರಗೆ ಬೀದಿಯಲ್ಲಿ ಯಾರೋ ಚಪ್ಪಾಳೆ ತಟ್ಟಿದರು.

12:09

ಹನ್ನೊಂದು ದೀಪ. ಹತ್ತನ್ನು ಹೋಲ್ಡಿಗೆ ಹಾಕಿದೆ. ಫೋನ್ ಹೆಗಲಿಗೆ ಒತ್ತಿಕೊಂಡು ಬರೆಯುತ್ತಿದ್ದೇನೆ, ಕೈಗೆ ಏನಾದರೂ ಕೆಲಸ ಬೇಕು.

"ಬಂತು ಕಣೇ! ಬರ್ನಿ, ಬಂತು! ಲೊರೇನ್ ಕೂದಲು ಕತ್ತರಿಸ್ಕೊಂಡಿದ್ದಾಳೆ ನೋಡು!" ಮಗುವಿನ ಹಾಗೆ ಖುಷಿ.

ಅವನ ಹಿಂದೆ ನಮ್ಮ ಮನೆಯ ಟಿವಿ ಕೇಳುತ್ತಿದೆ. ಅದೇ ಮಾತು, ಇಲ್ಲಿಗಿಂತ ಒಂದು ಉಸಿರು ತಡವಾಗಿ. ಆ ಓಣಿಯ ಕೇಬಲ್ ಡಬ್ಬಗಳು ಹಳೆಯವು.

12:10

ಲೊರೇನ್ ಕಾಗದ ಎತ್ತಿಕೊಂಡಳು. ಓಲ್ಗಾ ಫೆಡೊರ್ಚಾಕ್, ಜನವರಿ ಮೂರು. ವಾಲ್ಟರ್ ಸ್ಟಂಪ್, ಆರು — ಒಂದು ದೀಪ ಆರಿತು. ಏಳನೇ ತಾರೀಖಿನವರು ಇಬ್ಬರು. ಇನ್ನೆರಡು ಆರಿದವು. ಸದ್ದಿಲ್ಲ, ಏನಿಲ್ಲ. ಸುಮ್ಮನೆ ಆರುತ್ತವೆ.

"ಅಯ್ಯೋ, ವಾಲ್ಟರ್ ಹೋದ್ನಾ?" ಅಂದ ಬೇಸಿಲ್. "ನಮಗೆ ಗೊತ್ತೇ ಆಗ್ಲಿಲ್ಲ. ಹಲುಶ್ಕಿ ಮಾಡಬೇಕು ಬರ್ನಿ. ಇರು, ಪೂರ್ತಿ ಕೇಳೋಣ. ನನ್ನ ಹೆಸರಿಲ್ಲ ಅಂದ್ರೆ ಕಾಫಿ."

ಲೊರೇನ್ ಇವನಿಗೆ ಹೇಳಬಾರದು. ಪರದೆಯ ಮೇಲಿನ ಹೆಂಗಸು ಅಲ್ಲ. ನಾನು ಹೇಳಬೇಕು. ಒಂದು ಉಸಿರಿನಷ್ಟು ಮುಂದಿದ್ದೇನೆ.

ಒಂಬತ್ತನೇ ತಾರೀಖು, ಒಂದು ಹೆಸರು. ಒಂದು ದೀಪ.

ಇಲ್ಲಿಯ ಟಿವಿಯಲ್ಲಿ ಅವನ ಫೋಟೋ ಬಂತು. ನೀಲಿ ಅಂಗಿ, ನಾನೇ ಕೊಟ್ಟಿದ್ದು.

"ಬೇಸಿಲ್," ಅಂದೆ, "ಇವತ್ತು ಕಾಫಿ ಇಲ್ಲ."